ಅವ್ವನ ಹೆಸರಿನ ದಲ್ಲಾಳಿ

ಭೋಸರಿ, ಪುಣೆ
ಗುರುವಾರ

ಸಂಜು ಮಾಮಾ ಅವರಿಗೆ,

ನೀವು ನಮ್ಮ ಸಂಘದ ಹೆಸರು ಕದ್ದಿದ್ದೀರಿ. ಕಟ್ಟಡ ಕೆಲಸದ ಹೆಂಗಸರ ಸಂಘಕ್ಕೆ ಅಜ್ಜಿ ತಿಪ್ಪವ್ವನ ಹೆಸರಿಟ್ಟೆವು. ಅದನ್ನು ಸಂಘದ ಜಾಲತಾಣಕ್ಕಾಗಿ ಅಂತರ್ಜಾಲದಲ್ಲಿ ಕಾಯ್ದಿರಿಸುವ ಮೊದಲೇ ಕರಪತ್ರ ಅಚ್ಚು ಹಾಕಿಸಿದ್ದು ನನ್ನ ತಪ್ಪು. ಮೊದಲ ಪ್ರತಿ ನಿಮಗೇ ಕೊಟ್ಟೆ. "ಹೆಸರು ಭಾಳ ಛಲೋ ಅದ ನೋಡವಾ," ಎಂದಿರಿ. ಅಂದೇ ಅದನ್ನು ನಿಮ್ಮದಾಗಿ ನೋಂದಾಯಿಸಿ, ಹೊಸದಾಗಿ ಶುರು ಮಾಡಿದ ಡೊಮೈನ್ ದಲ್ಲಾಳಿತನದ, ಅಂದರೆ ಜಾಲತಾಣಗಳ ಹೆಸರು ಹಿಡಿದಿಟ್ಟು ಮಾರುವ ದಂಧೆಯ, ಮೊದಲ ಸರಕಾಗಿ ಮಾರಾಟಕ್ಕಿಟ್ಟಿರಿ. ನಾವು ಯಾರ ವಿರುದ್ಧ ಸಂಘ ಕಟ್ಟಿದೆವೋ ಆ ಗುತ್ತಿಗೆದಾರನೇ ಈಗ ಕೊಳ್ಳಲು ಬಂದಿದ್ದಾನಂತೆ.

ಹೆಸರನ್ನು ಸಂಘಕ್ಕೆ ಬಿಟ್ಟುಕೊಡಿ. ಇಲ್ಲವಾದರೆ, ನಿಮ್ಮನ್ನು ಬೆನ್ನಿಗೆ ಕಟ್ಟಿಕೊಂಡು ವಾಕಡದ ಕಟ್ಟಡ ಕೆಲಸದಲ್ಲಿ ಇಟ್ಟಿಗೆ ಹೊತ್ತ ನಿಮ್ಮ ಅವ್ವನಿಗೆ ಈ ದಂಧೆ ಏನೆಂದು ನೀವೇ ತಿಳಿಸಿ ಹೇಳಿ. ನಾನಿನ್ನೂ ಹೇಳಿಲ್ಲ. ಸಂಘದ ಸಭೆಯಲ್ಲಿ ಅವಳ ಪಕ್ಕ ನಿಮಗೊಂದು ಕುರ್ಚಿ ಹಾಕಿಸಿರುತ್ತೇನೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬನ್ನಿ.

ನಿಮ್ಮ ಅಕ್ಕನ ಮಗಳು,
ಅನುಸೂಯಾ