ಬೋಟಿನ ಗಾದಿಯ ಮೇಲೆ ಮಲಗಿದ ಅಪ್ಪನಿಗೆ

ಸುಳ್ಳು ಹೇಳಿ ನಮ್ಮನ್ನೆಲ್ಲ ನಗಿಸಿ ಹೋದ ಅಪ್ಪನಿಗೆ, ಮಗಳು ಮಹಬೂಬಿ ಸಿಟ್ಟಿನಿಂದಲೇ ಬರೆಯುವುದು.

ನೀನು ಕಾರವಾರದಿಂದ ತಿರುಗಿ ಬಂದ ದಿನ ವಿಜಾಪುರದಲ್ಲಿ ಇಬ್ರಾಹಿಂಪುರದ ನಮ್ಮ ಓಣಿಯೆಲ್ಲ ಅಂಗಳದಲ್ಲಿ ಕೂತಿತ್ತು. ಕಮಾನಿನಿಂದ ಹತ್ತಿ ಹಿಂಜಿ ಗಾದಿ ಹೊಲಿಯುವ ನಮ್ಮವರಲ್ಲಿ ಸಮುದ್ರ ಕಂಡು ಬಂದವರು ನೀನು ಮತ್ತು ನಿನ್ನ ಜೊತೆಗಾರ ಮೌಲಾ ಕಾಕಾ, ಇಬ್ಬರೇ. ಪೇಟೆಯ ಅರಳೆ ವ್ಯಾಪಾರಿ ಶಿವಪ್ಪ ಸಾಹುಕಾರರ ಮಾತಿನ ಮೇಲೆ ಮುಂಬಯಿಯ ಸೇಟೊಬ್ಬ ತನ್ನ ಮೋಜಿನ ಬೋಟಿಗೆ ಗಾದಿ ಮಾಡಿಸಲು ನಿಮ್ಮನ್ನು ಕರೆಸಿದ್ದ. ಬೋಟಿನ ಮೂತಿಯ ಕಡೆಗೆ ಮಂಚಗಳು ಕಿರಿದಾಗುತ್ತ ಹೋಗುತ್ತಿದ್ದವಂತೆ, ಅಲ್ಲೇ ಕೂತು ಅಳತೆ ನೋಡಿ ಹೊಲಿಯಬೇಕಿತ್ತು. ಕೆಲಸ ಮುಗಿಯುವ ಮೊದಲೇ ಅತಿಥಿಗಳು ಬಂದರು, ನಿಮ್ಮನ್ನೂ ಕೂರಿಸಿಕೊಂಡೇ ಬೋಟು ಗೋವೆಯ ಕಡೆ ಹೊರಟಿತು. "ಎರಿಹೊಲಾನ ಎದ್ದು ಕುಣಿಯಾಕತ್ತಂಗ ಇತ್ತು ನೋಡ್ರಿ ಆ ನೀರು. ದಂಡಿಗುಂಟ ಬರೇ ತೆಂಗಿನ ಗಿಡ. ನನಗ ಕುರ್ಚಿ ಹಾಕಿ ಕೂಡ್ಸಿದ್ರು, ಮೀನಾ ಉಣ್ಣಾಕ ಕೊಟ್ರು," ಎಂದೆ ನೀನು. ನಾವು ಬಾಯಿ ತೆರೆದುಕೊಂಡು ಕೇಳಿದೆವು. ಆ ಕುರ್ಚಿ ಎಲ್ಲಿತ್ತು ಅಪ್ಪಾ?

ನೀನು ತೀರಿಕೊಂಡ ನಲವತ್ತನೇ ದಿನ, ಊಟ ಮುಗಿದು ಎಲ್ಲರೂ ಎದ್ದ ಮೇಲೆ, ಮೌಲಾ ಕಾಕಾ ಬಾಯಿ ಬಿಟ್ಟ. "ಕುರ್ಚಿ ಎಲ್ಲೀದವ್ವಾ? ಇಂಜಿನ್ ಬಾಜೂಕ ಹಗ್ಗದ ಸಿಂಬಿ ಮ್ಯಾಲೆ ಕುಂತಿದ್ವಿ." ಸೇಟನ ಕೋಣೆಯ ಗಾದಿ ಮುಗಿದಾಗ ನೀನು ಎಂದಿನಂತೆ ಕೈಕಾಲು ತೊಳೆದು ಬಂದು ಅದರ ಮೇಲೆ ಮಲಗಿದೆಯಂತೆ. ಹೊಲಿದವನು ತಾನೇ ಮಲಗಿ, ಬೆನ್ನಿಗೆ ಹತ್ತಿಯ ಗಂಟು ತಾಕುತ್ತದೆಯೇ ಎಂದು ನೋಡದೆ ಯಾರಿಗೂ ಗಾದಿ ಒಪ್ಪಿಸಬಾರದು. ಅದು ನಮ್ಮಜ್ಜನ ಕಾಲದಿಂದ ಬಂದ ಪದ್ಧತಿ. ಟಿಕೋಟಾದ ದೊಡ್ಡ ಮನೆಗಳಲ್ಲಿ ಹೆಂಗಸರೇ "ಒಮ್ಮೆ ಮಲಗಿ ನೋಡಪಾ" ಎಂದು ನಿನಗೆ ಹೇಳುತ್ತಿದ್ದರು. ಸೇಟನ ಹೆಂಡತಿ, ಆ ಸೇಟಾಣಿ ಮಾತ್ರ ಕಿರುಚಿದಳು. ಸೇಟ ನಿನ್ನ ರಟ್ಟೆ ಹಿಡಿದೆಳೆದು ಕೆಳಗೆ ಕೆಡವಿದ. ಮೇಲಿನ ಹೊದಿಕೆಯನ್ನು ಸಮುದ್ರಕ್ಕೆ ಎಸೆಸಿ, ಎದುರು ಸಿಕ್ಕ ಮೀನುಗಾರರ ದೋಣಿಗೆ ನಿಮ್ಮಿಬ್ಬರನ್ನೂ ಇಳಿಸಿ ಕಳಿಸಿದ. ಗಾದಿಯನ್ನು ಮಾತ್ರ ಇಟ್ಟುಕೊಂಡ! ನಿನ್ನ ಬೆನ್ನು ತಾಗಿದ್ದು ಮೈಲಿಗೆಯಾದರೆ, ಎಳೆ ಎಳೆಯಾಗಿ ನಿನ್ನ ಕೈ ಹಿಂಜಿದ ಆ ಹತ್ತಿ...?

ಬಬಲೇಶ್ವರದಿಂದ ಗಾದಿ ವಾಪಸು ಬಂದ ದಿನ ಈಗ ನನ್ನನ್ನು ಸುಡುತ್ತಿದೆ. ಬೋಟಿನಿಂದ ಬಂದ ಮೇಲೆ ನೀನು ಒಂದು ಗಾದಿಯ ಮೇಲೂ ಮಲಗಲಿಲ್ಲ. ಅಂಗೈಯಿಂದ ಒತ್ತಿ ನೋಡಿ ಎದ್ದುಬಿಡುತ್ತಿದ್ದೆ. ಕೇಳಿದರೆ "ಬೆನ್ನ ಬ್ಯಾನಿ ಆಗೇತಿ ಬೇ" ಎನ್ನುತ್ತಿದ್ದೆ. ಬಬಲೇಶ್ವರದ ಬಾಣಂತಿಗೆ ಮಾಡಿದ ಗಾದಿಯಲ್ಲಿ ನಡುವೆಯೇ ಗಂಟು ಉಳಿದಿತ್ತು. ಅವಳ ಅತ್ತೆ ಅದನ್ನು ಚಕ್ಕಡಿಯಲ್ಲಿ ಹೇರಿ ಕಳಿಸಿದಳು. ಓಣಿಯವರ ಮುಂದೆ ನಾನು, "ನಿನ್ನ ಕೈ ಹೋತು ಯಪ್ಪಾ, ಇನ್ನ ಕಮಾನು ಕೆಳಗಿಡು," ಎಂದುಬಿಟ್ಟೆ. ನೀನು ತಲೆ ತಗ್ಗಿಸಿ ಹೊಲಿಗೆ ಬಿಚ್ಚತೊಡಗಿದೆ. ಆಗಲಾದರೂ ಹೇಳಬಾರದಿತ್ತೇ? ಸೇಟನ ಮೇಲಿನಷ್ಟೇ ಸಿಟ್ಟು ನಿನ್ನ ಮೇಲೂ ಇದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ.

ಹದಿನೈದು ದಿನದ ಹಿಂದೆ ಶಿವಪ್ಪ ಸಾಹುಕಾರರು ಅಂಗಡಿಗೆ ಕರೆಸಿದರು. ಈಗ ನಿನ್ನ ಕಮಾನು ಹಿಡಿದು ಹತ್ತಿ ಹಿಂಜುವವಳು ನಾನೇ. ಹೆಣ್ಣಿಗೇಕೆ ಈ ಕೆಲಸ ಎಂದು ಆಡಿಕೊಳ್ಳುವವರು ಆಡಿಕೊಳ್ಳಲಿ. "ಆ ಸೇಟ್ ಇನ್ನೊಂದು ಬೋಟ್ ತಗೊಂಡಾನವ್ವಾ. ವಿಜಾಪುರದ ಗಾದೀನ ಬೇಕಂತ. ಬಂದವರೆಲ್ಲಾ ಬಾಳ ಹೊಗಳ್ಯಾರಂತ," ಎಂದರು. ಮೈಯೆಲ್ಲ ಉರಿಯಿತು. ಗಿರಾಕಿಗಳ ಎದುರಿಗೇ ನಡೆದದ್ದನ್ನೆಲ್ಲ ಹೇಳಿದೆ. "ಬರ್ತೀನ್ರಿ. ಆದ್ರ ಗಾದಿ ಮುಗದಮ್ಯಾಲೆ ಮೊದಲ ನಾ ಮಲಗ್ತೀನಿ. ಸೇಟೂ ಸೇಟಾಣೀನೂ ನಿಂತು ನೋಡಬೇಕು. ಯಾಕಂತ ನಮ್ಮಪ್ಪ ಹುಸೇನಸಾಬನ ಹೆಸರು ಹಾಕಿ ಬರೀರಿ." "ನನಗ ಗೊತ್ತಿರಲಿಲ್ಲವ್ವಾ," ಎಂದು ಸಾಹುಕಾರರು ನನ್ನೆದುರೇ ಸೇಟನಿಗೆ ಕಾಗದ ಬರೆದರು.

ಇವತ್ತು ಉತ್ತರ ಬಂತು. ಸೇಟನಿಗೆ ಅಂಥದ್ದೇನೂ ನೆನಪಿಲ್ಲವಂತೆ. ಯಾವ ಹುಸೇನಸಾಬ, ಯಾವಾಗ ಎಂದು ಕೇಳಿದ್ದಾನೆ. ಗಾದಿ ಚೆನ್ನಾಗಿ ನೆನಪಿದೆಯಂತೆ. ಹುಡುಗಿ ಮಲಗುವುದಾದರೆ ಮಲಗಲಿ, ಬೇಗ ಕಳಿಸಿ ಎಂದಿದ್ದಾನೆ. ನೆನಪಿಲ್ಲವಂತೆ ಅಪ್ಪಾ! ನೀನು ಸಾಯುವ ತನಕ ಬಾಯಿ ಕಟ್ಟಿಕೊಂಡು ಹೊತ್ತದ್ದು ಅವನಿಗೆ...

ನಾಳೆ ಬೆಳಗಿನ ಹುಬ್ಬಳ್ಳಿ ಬಸ್ಸಿಗೆ ನಾನೂ ಮೌಲಾ ಕಾಕಾನೂ ಕಾರವಾರಕ್ಕೆ ಹೊರಡುತ್ತೇವೆ. ಒಂದೂ ಗಂಟು ಉಳಿಯದಂತೆ ಹಿಂಜುತ್ತೇನೆ, ನಿನ್ನಾಣೆ. ಆಮೇಲೆ ಅವರಿಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸಿ, ನಿನ್ನ ಹೆಸರನ್ನು ಗಟ್ಟಿಯಾಗಿ ಹೇಳಿ, ಆ ಮಂಚದ ಮೇಲೆ ಬೆನ್ನು ಚಾಚುತ್ತೇನೆ. ಗಾದಿ ಸರಿಯಾಗಿ ಆಗಿದ್ದರೆ ನಿದ್ದೆ ಬಂದೇ ಬರುತ್ತದೆ. ಬಂದರೆ, ಯಾರು ಎಬ್ಬಿಸಿದರೂ ಏಳುವುದಿಲ್ಲ.