ಸಿಹಿನೀರು ಹೊಯ್ದ ಎಂಜಿನ್

ಜನವರಿ 22, ಗುರುವಾರ. ಹೊನ್ನಾವರ.

ಭಾನುವಾರ ಕುಮಟಾದಲ್ಲಿ ರೇಸ್. ನನ್ನ ಕೆಂಪು ಟ್ರಕ್ಕಿನ ಎಂಜಿನ್ ಜಾಮ್ ಆಗಿದೆ.

ನೈಟ್ರೋ ಇಂಧನದಲ್ಲಿ ಓಡುವ, ರಿಮೋಟಿನಿಂದ ನಡೆಸುವ ಪುಟ್ಟ ಮಾನ್‌ಸ್ಟರ್ ಟ್ರಕ್‌ಗಳು ನನ್ನಲ್ಲಿರುವುದು ಎರಡೇ. ಕೆಂಪು ಹಗುರ, ರೇಸಿಗೆಂದೇ ತಂದದ್ದು. ಕಪ್ಪು ಭಾರ, ದಿಬ್ಬದಿಂದ ಹಾರಿಸಿ ಕೆಡವಿ ಆಡುವುದಕ್ಕೆ. ನಿನ್ನೆ ಹೆಂಡತಿಯ ಅಣ್ಣ, ತದಡಿಯಲ್ಲಿ ದೋಣಿ ನಡೆಸುವ ವೆಂಕಟ ಭಾವ, ಕೆಂಪನ್ನು ಕಡಲದಂಡೆಯಲ್ಲಿ ಓಡಿಸಿ ತಂದವರು ಎಂಜಿನ್ ಮೇಲೆ ಒಂದು ಕೊಡ ಬಾವಿನೀರು ಹೊಯ್ದು ತೊಳೆದಿಟ್ಟಿದ್ದಾರೆ.

"ಉಪ್ಪುಗಾಳಿ ಕುಡ್ದ ಎಂಜಿನ್ ಮಾರಾಯ. ಸಿಹಿನೀರು ಹೊಯ್ಯದೇ ಬಿಟ್ರೆ ನಮ್ಮಪ್ಪ ಅನ್ನ ಹಾಕ್ತಿರ್ಲಿಲ್ಲ."

"ಇದು ದೋಣಿ ಎಂಜಿನ್ ಅಲ್ಲ ಭಾವ. ಇದ್ಕೆ ಎಣ್ಣೆ ಬಿಡೂದು, ನೀರಲ್ಲ."

"ಮೊದ್ಲೇ ಹೇಳೂಕೆ ನಿಂಗೆ ಎಂತ ಆಗಿತ್ತು?"

ಹೇಳಿರಲಿಲ್ಲ, ನಿಜ. ಬಿಚ್ಚಿ ನೋಡಿದರೆ ಎರಡೂ ಬೇರಿಂಗಿಗೆ ತುಕ್ಕು. ಹೊಸದು ಬರಲು ಆರು ದಿನ ಬೇಕು.

ಸಂಜೆ ಗಡಿಯಾರ ಹಿಡಿದು ಕಪ್ಪನ್ನು ಓಡಿಸಿದೆ. ಹತ್ತು ಸುತ್ತಿಗೆ ಕೆಂಪಿಗಿಂತ ಹದಿನಾಲ್ಕು ಸೆಕೆಂಡ್ ಹೆಚ್ಚು. ನನ್ನ ಎದುರಾಳಿ, ಭಟ್ಕಳದ ನರೇಶನ ಟ್ರಕ್ಕಿನ ಮುಂದೆ ಅದು ಬಹಳ. ಆದರೆ ಕಳೆದ ವರ್ಷ ಇದೇ ಕೆಂಪು ಏಳನೇ ಸುತ್ತಿನಲ್ಲಿ ಮುಂಚಕ್ರ ಕಳಚಿ ನಿಂತಿತ್ತು. ನರೇಶನದೂ ಒಮ್ಮೆ ನಿಂತಿದೆ. ಕಪ್ಪು ನಾಲ್ಕು ವರ್ಷದಲ್ಲಿ ಒಮ್ಮೆಯೂ ನಿಂತದ್ದಿಲ್ಲ. ಮೂವತ್ತು ಸುತ್ತಿನ ರೇಸಿನಲ್ಲಿ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೆಸರು ಹಿಂತೆಗೆಯುವುದಿಲ್ಲ. ಕಪ್ಪನ್ನೇ ಇಳಿಸುತ್ತೇನೆ. ನಡುವೆ ಇಂಧನ ತುಂಬಲು ಭಾವನನ್ನೇ ಕರೆದಿದ್ದೇನೆ. ಅಲುಗುವ ದೋಣಿಯಲ್ಲಿ ಡೀಸೆಲ್ ಚೆಲ್ಲದೆ ಹೊಯ್ಯುವ ಕೈ ಅದು. "ಬತ್ತೆ, ಕೊಡ ಮಾತ್ರ ತರೂದಿಲ್ಲ," ಎಂದರು.

ನಾಳೆ ಬೆಳಿಗ್ಗೆ ಕಪ್ಪಿನ ಹಿಂದಿನ ಟೈರು ಬದಲಿಸಿ, ಆಮೇಲೆ ಭಾವನ ಜೊತೆ ಇಂಧನ ತುಂಬುವುದನ್ನು ಗಡಿಯಾರ ಹಿಡಿದು ಅಭ್ಯಾಸ ಮಾಡಬೇಕು.