ನನ್ನ ಕೈಯಾರೆ ಕಿತ್ತ ಚೀಟಿ

ಮಾನ್ಯ ಕಲ್ಯಾಣಾಧಿಕಾರಿಗಳೇ,

ನಮ್ಮ ಕೈಗವಸು ಕಾರ್ಖಾನೆಯ ಹೆಂಗಸರಿಗೆ ತಾವು ಮುಟ್ಟಿನ ದಿನ ಒಳಗೆ ಇಟ್ಟುಕೊಳ್ಳುವ ಹತ್ತಿಯ ಟ್ಯಾಂಪನ್ ಪುಕ್ಕಟೆ ಹಂಚಿಸಿದಿರಿ, ಅದನ್ನು ಬಳಸುವ ಬಗೆ ಹೇಳುವ ಚೀಟಿಯನ್ನು ಮಾತ್ರ ಡಬ್ಬಿಯಿಂದ ಕೀಳಿಸಿದಿರಿ. ಅದರ ಫಲವಾಗಿ ನನ್ನ ತಂಗಿಯ ಬಲಗೈಯ ಮೂರು ಬೆರಳಿನ ತುದಿ ಕತ್ತರಿಸಿದ್ದಾರೆ. ಪತ್ರದಲ್ಲಿ ಮೊದಲು ಕ್ಷೇಮ ಕೇಳಬೇಕಂತೆ. ನಿಮ್ಮ ಕ್ಷೇಮ ನನಗೆ ಬೇಕಾಗಿಲ್ಲ.

ಚೀಟಿ ಕಿತ್ತವಳು ನಾನೇ. ನಾನು ಪ್ಯಾಕಿಂಗ್ ವಿಭಾಗದವಳು, ಹೇಳಿದ್ದು ಮಾಡುವವಳು. ಆರುನೂರು ಡಬ್ಬಿ ನನ್ನ ಮೇಜಿಗೆ ಬಂದವು. ತಾವು ಒಂದು ಚೀಟಿ ಬಿಡಿಸಿ ನೋಡಿ ಕಿವಿವರೆಗೂ ಕೆಂಪಾದಿರಿ. "ಥೂ, ಎಂಥ ಚಿತ್ರ ಇದು! ಮದುವೆಯಾಗದ ಹುಡುಗಿಯರಿದ್ದಾರೆ, ಎಲ್ಲಾ ತೆಗೆದುಹಾಕಮ್ಮ" ಅಂದಿರಿ. "ಸಾರ್, ಕೆಳಗೆ ಏನೋ ಬರೆದಿದೆಯಲ್ಲ?" ಅಂತ ಕೇಳಿದೆ. "ಒಂದು ತುಂಡು ಹತ್ತಿಗೆ ಪಾಠ ಬೇರೆ ಓದಬೇಕಾ?" ಅಂತ ನಕ್ಕಿರಿ. ನಾನೂ ನಕ್ಕೆ. ಆ ನಗು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತೆ.

ಇನ್ನು ತಮ್ಮ ಔದಾರ್ಯದ ಗುಟ್ಟು. ಹೊಲಿಗೆ ಸಾಲಿನಲ್ಲಿ ನಲವತ್ತೆರಡು ಹೆಂಗಸರು, ಮೇಲ್ವಿಚಾರಕರ ಮೇಜಿನ ಪಕ್ಕದ ಮೊಳೆಗೆ ನೇತುಹಾಕಿದ ಒಂದೇ ಒಂದು ಹಿತ್ತಾಳೆ ಬಿಲ್ಲೆ. ಬಿಲ್ಲೆ ಕೈಯಲ್ಲಿದ್ದವಳು ಮಾತ್ರ ಶೌಚಾಲಯಕ್ಕೆ ಹೋಗಬೇಕು. ಮುಟ್ಟಾದವರು ಹೆಚ್ಚು ಸಲ ಏಳುತ್ತಾರೆ, ಕೆಲಸ ಕೆಡುತ್ತೆ ಅಂತ ತಾನೇ ನಿಮಗೆ ನಮ್ಮ ಮೇಲೆ ಇದ್ದಕ್ಕಿದ್ದಂತೆ ಕರುಣೆ ಹುಟ್ಟಿದ್ದು? ಯಾರ ಕಿವಿಗೆ ಹೂವಿಡುತ್ತೀರಿ ಸ್ವಾಮಿ?

ಡಬ್ಬಿಯ ಮೇಲೆ ಹನಿಗಳ ಗುರುತಿತ್ತು. ಕೆಲವದರಲ್ಲಿ ಎರಡು ಹನಿ, ಕೆಲವದರಲ್ಲಿ ಐದು. ಹೆಚ್ಚು ಹನಿ ಇದ್ದದ್ದು ಒಳ್ಳೇ ಮಾಲು ಅಂದುಕೊಂಡು ಎಲ್ಲರೂ ಐದಕ್ಕೇ ಮುಗಿಬಿದ್ದರು. ತಂಗಿಗೆ ಅಂತ ನಾನೇ ಒಂದು ಐದರ ಡಬ್ಬಿ ಎತ್ತಿಟ್ಟಿದ್ದೆ, ಅಕ್ಕ ಅಲ್ಲವೇ! "ಅಕ್ಕಾ, ಬೆಳಗ್ಗೆ ಆರಕ್ಕೆ ಹಾಕ್ಕೊಂಡ್ರೆ ಮನೆಗೆ ಬರೋವರೆಗೂ ಬಿಲ್ಲೆ ತಂಟೇನೇ ಇಲ್ಲ ಕಣೇ" ಅಂದಳು. ಓವರ್‌ಟೈಮ್ ಸೇರಿ ಮನೆಗೆ ಬರುವಾಗ ರಾತ್ರಿ ಎಂಟು. ಹೀಗೆ ಎರಡು ದಿನ ಕಳೆದವು.

ಮೂರನೆಯ ದಿನ ಮಧ್ಯಾಹ್ನ ಅವಳಿಗೆ ಜ್ವರ ನೆತ್ತಿಗೇರಿತು. ವಾಂತಿ ಮಾಡಿಕೊಂಡಳು. ಎದ್ದವಳು ತಲೆಸುತ್ತಿ ಹೊಲಿಗೆ ಯಂತ್ರದ ಅಂಚಿಗೆ ಬಿದ್ದು ಹಣೆ ಒಡೆದುಕೊಂಡಳು. ಅರ್ಧ ಹೊಲಿದ ಕೈಗವಸು ರಕ್ತದಲ್ಲಿ ನೆನೆಯಿತು. ನಿಮ್ಮ ಮೇಲ್ವಿಚಾರಕರು ಮುಖಕ್ಕೆ ನೀರು ಎರಚಿ, "ಸಾಕು ನಾಟಕ, ಏಳು" ಅಂದರು. ಮೈಯೆಲ್ಲ ಬಿಸಿಲಿಗೆ ಸುಟ್ಟ ಹಾಗೆ ಕೆಂಪಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ಒಳಗೆ ಟ್ಯಾಂಪನ್ ಇದೆಯಾ? ಎಷ್ಟು ಹೊತ್ತಾಯ್ತು?" "ಬೆಳಗ್ಗೆ ಆರಕ್ಕೆ ಹಾಕ್ಕೊಂಡಿದ್ದು, ದಿನಾ ರಾತ್ರಿ ಎಂಟರವರೆಗೂ ಇರುತ್ತೆ" ಅಂದೆ.

"ಟ್ಯಾಂಪನ್ನಿನ ತಪ್ಪಲ್ಲಮ್ಮ," ಅಂದರು ಅವರು. "ಲೆಕ್ಕವಿಲ್ಲದಷ್ಟು ಹೆಂಗಸರು ಹಾಕ್ಕೋತಾರೆ. ಈ ಕಾಯಿಲೆ ಅಪರೂಪ. ಆದ್ರೆ ಗಂಟೆಗಟ್ಟಲೆ ಬಿಟ್ಟರೆ ಒಳಗೆ ನಂಜು ಕಟ್ಟಬಹುದು. ಡಬ್ಬಿಯಲ್ಲಿ ಚೀಟಿ ಇರಲಿಲ್ವಾ?" ನಂಜು ರಕ್ತಕ್ಕೇರಿತು, ಬೆರಳ ತುದಿಗಳು ಕಪ್ಪಾದವು, ಕತ್ತರಿಸಿದರು. ಇಷ್ಟು ದಿನ ಊರವರ ಬೆರಳಿಗೆಲ್ಲ ಕೈಗವಸು ಹೊಲಿದವಳು ಈಗ ತನ್ನ ರವಿಕೆಯ ಗುಂಡಿ ಹಾಕಲು ನನ್ನನ್ನು ಕರೆಯುತ್ತಾಳೆ.

ಬೆರಳು ಕತ್ತರಿಸಿದ ಮರುದಿನವೇ ನಾನು ಕಾರ್ಖಾನೆಗೆ ಹೋಗಿ ಆ ಬಿಲ್ಲೆಯನ್ನು ಮೊಳೆಯಿಂದ ಕಿತ್ತು ಸುತ್ತಿಗೆಯಿಂದ ಜಜ್ಜಿದೆ. ಹೌದು, ನಾನೇ. ಪ್ರತಿ ಪೆಟ್ಟಿಗೂ ಕಣ್ಣ ಮುಂದೆ ಇದ್ದದ್ದು ನಿಮ್ಮ ಮುಖ. ನೀವು ಆಗ ಎದುರಿಗೆ ಸಿಗದೇ ಹೋದದ್ದು ನಿಮ್ಮ ಪುಣ್ಯ, ನನ್ನ ಪುಣ್ಯವೂ ಹೌದು. ಶಿಸ್ತುಕ್ರಮದ ನೋಟಿಸು ತಲುಪಿದೆ. "ಸಂಸ್ಥೆಯ ಆಸ್ತಿಗೆ ಹಾನಿ" ಅಂತ ಬರೆದಿದ್ದೀರಿ. ನನ್ನ ತಂಗಿಯ ಬೆರಳು ಯಾರ ಆಸ್ತಿ?

ಒಂದು ಚೀಟಿ ಮಾತ್ರ ಉಳಿದಿತ್ತು. ಮೇಜಿನ ಕುಂಟು ಕಾಲಿಗೆ ಮಡಚಿ ಸಿಕ್ಕಿಸಿದ್ದೆ. ಈಗ ತೆಗೆದು ಓದಿದೆ. ಹಾಕುವ ಮೊದಲೂ ಆಮೇಲೂ ಕೈ ತೊಳೆಯಿರಿ. ಹನಿ ಹೆಚ್ಚಿದಷ್ಟೂ ಹೀರುವುದು ಹೆಚ್ಚು; ನಿಮ್ಮ ಸ್ರಾವಕ್ಕೆ ಸಾಕಾಗುವಷ್ಟರಲ್ಲಿ ಅತಿ ಕಡಿಮೆ ಹನಿಯದನ್ನೇ ಆರಿಸಿ. ನಾಲ್ಕರಿಂದ ಎಂಟು ಗಂಟೆಯೊಳಗೆ ಬದಲಿಸಿ, ಎಂಟು ಮೀರಬೇಡಿ. ಹೊಸದು ಹಾಕುವ ಮೊದಲು ಹಳೆಯದನ್ನು ತೆಗೆಯಿರಿ. ಜ್ವರ, ವಾಂತಿ, ತಲೆಸುತ್ತು, ಮೈಮೇಲೆ ಕೆಂಪು ಕಂಡರೆ ಕೂಡಲೇ ತೆಗೆದು ಆಸ್ಪತ್ರೆಗೆ ಓಡಿ. ಇದರಲ್ಲಿ ಅಶ್ಲೀಲವಾದದ್ದು ಯಾವ ಸಾಲು, ದಯವಿಟ್ಟು ಬೆರಳಿಟ್ಟು ತೋರಿಸಿ. ನಿಮಗಂತೂ ಹತ್ತೂ ಇವೆ.

ನಲವತ್ತೊಂದು ಹೆಂಗಸರ ಚೀಲದಲ್ಲಿ ಆ ಡಬ್ಬಿಗಳು ಇನ್ನೂ ಇವೆ, ಮೊಳೆಗೆ ಹೊಸ ಬಿಲ್ಲೆಯೂ ಬಂದಿದೆ. ಅದನ್ನು ಕಿತ್ತೆಸೆಯಿರಿ. ಶೌಚಾಲಯದ ಬಾಗಿಲು ಎಲ್ಲರಿಗೂ, ಯಾವಾಗಲೂ ತೆರೆದಿರಲಿ. ಪರಿಹಾರದ ಮಾತು ಆಮೇಲೆ ಆಡೋಣ. ಸೋಮವಾರ ಬೆಳಗ್ಗೆ ಯಂತ್ರಗಳನ್ನು ನಿಲ್ಲಿಸಿ, ಹೊಲಿಗೆ ಸಾಲಿನ ಮುಂದೆ ನಿಂತು, ಈ ಚೀಟಿಯನ್ನು ತಾವೇ ಗಟ್ಟಿಯಾಗಿ, ಒಂದಕ್ಷರ ಬಿಡದೆ ಓದಬೇಕು. ನಾಚಿಕೆಯಿಂದ ನಿಮ್ಮ ಕೈ ನಡುಗಿದರೆ ಚೀಟಿ ಹಿಡಿಯಲು ನನ್ನ ತಂಗಿ ಬರುತ್ತಾಳೆ. ಒಂದು ಕಾಗದ ಹಿಡಿಯುವಷ್ಟು ಬೆರಳು ಅವಳಿಗಿನ್ನೂ ಉಳಿದಿವೆ.

ಇಂತಿ,
ಐನೂರ ತೊಂಬತ್ತೊಂಬತ್ತು ಚೀಟಿ ಕಿತ್ತೆಸೆದು, ಉಳಿದ ಒಂದನ್ನು ತಡವಾಗಿ ಓದಿದ
ಪ್ಯಾಕಿಂಗ್ ವಿಭಾಗದ ಅಕ್ಕ